ಚೀಟಿಯಿಂದಲೇ ಶುರುವಾಗಲಿ: ಕೊಡಗಿನ ವ್ಯಾಪಾರಸ್ಥರು ಲೆಕ್ಕ ಮತ್ತು ಮಾಹಿತಿಯನ್ನು ಶುದ್ಧವಾಗಿಡುವ ಬಗೆ

ಫೆಬ್ರುವರಿಯ ಸಂಜೆ. ರೋಬಸ್ಟಾ ಕೊಯ್ಲಿನ ಭರಾಟೆ. ಕಾಫಿ ಖರೀದಿ ಅಂಗಡಿಯ ಮುಂದೆ ಪಿಕಪ್ ವಾಹನಗಳ ಸಾಲು. ತೂಕದ ಯಂತ್ರದ ಪಕ್ಕದಲ್ಲಿ ಹುಡುಗನೊಬ್ಬ ಚೀಲದ ಮೇಲೆ ಪುಸ್ತಕವಿಟ್ಟು ಚೀಟಿ ಬರೆಯುತ್ತಾನೆ: "ಪೊನ್ನಪ್ಪ, ಚೆರಿ, 32 ಚೀಲ." ಚೆರಿ ಎಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಆ ಹೊತ್ತಿಗೆ ಚೀಟಿಯಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಪೊನ್ನಪ್ಪನವರು ಎದುರಿಗೇ ನಿಂತಿದ್ದಾರೆ, ಚೀಲಗಳೂ ಕಣ್ಣ ಮುಂದಿವೆ. ಅದೇ ಚೀಟಿ ಏಪ್ರಿಲ್‌ನಲ್ಲಿ ಲೆಕ್ಕ ಬರೆಯುವವರ ಮೇಜಿಗೆ ಬಂದಾಗ ಪ್ರಶ್ನೆಗಳು ಏಳುತ್ತವೆ. ಯಾವ ಪೊನ್ನಪ್ಪ? ಅರೇಬಿಕಾ ಚೆರಿಯೋ ರೋಬಸ್ಟಾ ಚೆರಿಯೋ? 32 ಚೀಲ ಎಂದರೆ ಎಣಿಸಿದ 32 ಗೋಣಿಯೋ, ಐವತ್ತು ಕೆಜಿಯ ಲೆಕ್ಕದ 32 ಚೀಲವೋ?

ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದೇ ಒಂದು ಚೀಟಿಯ ಹಣವನ್ನು ನಾನು ಬೇರೊಬ್ಬರ ಖಾತೆಗೆ ಜಮೆ ಮಾಡಿದ್ದೆ. ಹೆಸರು ಒಂದೇ, ಊರೂ ಒಂದೇ. ಹಣ ಬರಬೇಕಿದ್ದ ಹಿರಿಯರು ಮಗಳ ಕಾಲೇಜು ಶುಲ್ಕ ಕಟ್ಟುವ ದಿನ ಬ್ಯಾಂಕಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿ, ನೇರವಾಗಿ ನಮ್ಮ ಅಂಗಡಿಗೆ ಬಂದರು. ಜೋರು ಮಾತಾಡಲಿಲ್ಲ. ಮಡಚಿ ಜೇಬಿನಲ್ಲಿಟ್ಟಿದ್ದ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟು, "ಇದು ನನ್ನದೇ ಅಲ್ಲವೇ?" ಎಂದು ಕೇಳಿದರು. ಆ ಚೀಟಿ ಅವರದೇ ಎಂದು ಸಾಬೀತು ಮಾಡುವ ಒಂದು ಅಕ್ಷರವೂ ಅದರ ಮೇಲೆ ಇರಲಿಲ್ಲ. ಈ ಮಾರ್ಗದರ್ಶಿ ಬರೆಯಲು ಆ ಚೀಟಿಯೇ ಕಾರಣ.

ಮಾಹಿತಿ ಕೆಟ್ಟಿದೆ ಎಂದ ಕೂಡಲೇ ಹೊಸ ಸಾಫ್ಟ್‌ವೇರ್ ಕೊಳ್ಳುವ ಯೋಚನೆ ಬರುತ್ತದೆ. ದಯವಿಟ್ಟು ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿ. ತೂಕದ ಯಂತ್ರದ ಪಕ್ಕದಲ್ಲಿ, ಹೋಂಸ್ಟೇ ಬಾಗಿಲಿನಲ್ಲಿ, ತೋಟದ ರೈಟರ್ (ಗುಮಾಸ್ತ) ಕೈಯಲ್ಲಿ ಆದ ತಪ್ಪು ಎಷ್ಟು ದುಬಾರಿ ಕಂಪ್ಯೂಟರಿಗೆ ಹೋದರೂ ತಪ್ಪಾಗಿಯೇ ಹೋಗುತ್ತದೆ.

ಮೊದಲ ಹೆಜ್ಜೆ: ಒಂದೇ ಪುಸ್ತಕ ಆರಿಸಿಕೊಳ್ಳಿ

ಖರೀದಿ, ಮಾರಾಟ, ಕೂಲಿ, ದಾಸ್ತಾನು, ಗ್ರಾಹಕರ ಪಟ್ಟಿ ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಹೊರಟವರು ಹದಿನೈದು ದಿನದಲ್ಲಿ ಕೈಬಿಟ್ಟಿದ್ದನ್ನು ನೋಡಿದ್ದೇನೆ. ಕಳೆದ ವರ್ಷ ನಿಮಗೆ ಹೆಚ್ಚು ಜಗಳ ಅಥವಾ ಹೆಚ್ಚು ನಷ್ಟ ತಂದ ಪುಸ್ತಕ ಯಾವುದು? ಅದನ್ನು ಮಾತ್ರ ಎತ್ತಿಕೊಳ್ಳಿ. ಅದರಿಂದ ನೀವು ಉತ್ತರ ಪಡೆಯಬೇಕಾದ ನಾಲ್ಕೈದು ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆಯಿರಿ: ಯಾರಿಗೆ ಎಷ್ಟು ಬಾಕಿ, ಯಾವ ತೋಟದ ಕಾಫಿ ಎಷ್ಟು ಒಟಿ (ಔಟ್‌ಟರ್ನ್, ಅಂದರೆ ಚೆರಿಯಿಂದ ಸಿಗುವ ಶುದ್ಧ ಬೀಜದ ತೂಕ) ಕೊಟ್ಟಿತು, ಗೋದಾಮಿನಲ್ಲಿ ಈಗ ಏನಿದೆ. ಈ ಪ್ರಶ್ನೆಗಳಿಗೆ ಬೇಡವಾದ ಕಾಲಂ ಇದ್ದರೆ ತೆಗೆದುಹಾಕಿ. ಯಾರೂ ಓದದ ಕಾಲಂ ಅನ್ನು ಯಾರೂ ಶ್ರದ್ಧೆಯಿಂದ ತುಂಬುವುದಿಲ್ಲ. ಆ ಉದಾಸೀನ ಪಕ್ಕದ ಕಾಲಂಗೂ ಹರಡುತ್ತದೆ.

ಎರಡನೆಯ ಹೆಜ್ಜೆ: ಚೀಟಿಯನ್ನು ಮತ್ತೆ ಅಚ್ಚು ಹಾಕಿಸಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕೆಲಸ ಇದು. ಖಾಲಿ ಸಾಲುಗಳ ಪುಸ್ತಕದ ಬದಲು, ತುಂಬಬೇಕಾದ ಜಾಗಗಳನ್ನು ಮುದ್ರಿಸಿದ, ಕ್ರಮಸಂಖ್ಯೆಯುಳ್ಳ, ಎರಡು ಪ್ರತಿಯ ಚೀಟಿ ಪುಸ್ತಕ ಮಾಡಿಸಿ. ಸ್ಥಳೀಯ ಮುದ್ರಣಾಲಯದಲ್ಲೇ ಆಗುವ ಕೆಲಸ.

ಕಾಫಿ ಖರೀದಿಯ ಚೀಟಿಯಲ್ಲಿ ದಿನಾಂಕ, ಬೆಳೆಗಾರರ ಸಂಖ್ಯೆ, ಹೆಸರು ಇರಲಿ. ಅದರ ಕೆಳಗೆ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ ಎಂಬ ನಾಲ್ಕು ಚೌಕಗಳಿರಲಿ (ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಬೀಜ); ಬರೆಯುವುದೇ ಬೇಡ, ಒಂದಕ್ಕೆ ಗುರುತು ಹಾಕಿದರೆ ಸಾಕು. ಆಮೇಲೆ ಎಣಿಸಿದ ಗೋಣಿ, ಒಟ್ಟು ತೂಕ, ಗೋಣಿಯ ತೂಕ, ನಿವ್ವಳ ತೂಕ ಎಂದು ನಾಲ್ಕು ಬೇರೆ ಬೇರೆ ಜಾಗ. ತೇವಾಂಶ ಎಷ್ಟು, ಅಳೆದ ಯಂತ್ರ ಯಾವುದು. ಒಟಿ ಇನ್ನೂ ನೋಡಿಲ್ಲವಾದರೆ "ಬಾಕಿ" ಎಂಬ ಚೌಕ. ಕೊನೆಯಲ್ಲಿ ಕೊಟ್ಟವರ ಸಹಿ, ತೂಗಿದವರ ಸಹಿ.

ಗೋಣಿ ಮತ್ತು ಚೀಲ ಬೇರೆ ಎಂದು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ? ದರ ಐವತ್ತು ಕೆಜಿಯ ಚೀಲಕ್ಕೆ. ತುಂಬುವ ಗೋಣಿಗೆ ಆ ಶಿಸ್ತಿಲ್ಲ. ಒಂದೊಂದರಲ್ಲಿ 53 ಕೆಜಿ ಇದ್ದರೆ 32 ಗೋಣಿಗೆ 96 ಕೆಜಿ ವ್ಯತ್ಯಾಸ, ಅಂದರೆ ಸುಮಾರು ಎರಡು ಚೀಲ ಕಾಫಿ ಬರೀ ಒಂದು ಪದದ ಗೊಂದಲದಲ್ಲಿ ಮಾಯ.

ಒಟಿಯ ವಿಷಯ ಇನ್ನೂ ಸೂಕ್ಷ್ಮ. ಐವತ್ತು ಕೆಜಿ ಒಣ ಚೆರಿಯಿಂದ ಎಷ್ಟು ಕೆಜಿ ಶುದ್ಧ ಬೀಜ ಸಿಗುತ್ತದೆಯೋ ಅದೇ ಔಟ್‌ಟರ್ನ್. ಚೆರಿಯ ಬೆಲೆ ಅದರ ಮೇಲೆ ನಿಂತಿದೆ. ಲೆಕ್ಕಕ್ಕೆಂದು ಒಂದು ಒಟಿಗೆ 200 ರೂಪಾಯಿ ಇಟ್ಟುಕೊಳ್ಳೋಣ. 26 ಒಟಿ ಬಂದರೆ ಚೀಲಕ್ಕೆ 5,200 ರೂಪಾಯಿ. 26ರ ಜಾಗದಲ್ಲಿ ಅವಸರದ ಕೈಬರಹ 24 ಎಂದು ಕಂಡರೆ 32 ಚೀಲಕ್ಕೆ 12,800 ರೂಪಾಯಿ ಕಡಿಮೆ. ಆದ್ದರಿಂದ ಒಟಿ, ತೂಕ, ಹಣ ಈ ಮೂರನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವ ಪದ್ಧತಿ ಇಟ್ಟುಕೊಳ್ಳಿ: "26, ಇಪ್ಪತ್ತಾರು". ಹಿಂದಿನವರು ಪತ್ರ ಬರೆಯುವಾಗ ಮಾಡುತ್ತಿದ್ದುದು ಇದೇ. ಕರಿಮೆಣಸು ಕೊಳ್ಳುವವರು ಒಟಿಯ ಜಾಗದಲ್ಲಿ ಲೀಟರ್ ತೂಕವನ್ನು, ಅಂದರೆ ಒಂದು ಲೀಟರ್ ಅಳತೆಯ ಮೆಣಸಿನ ತೂಕವನ್ನು, ಸೇರಿಸಿಕೊಳ್ಳಬೇಕು.

ಚೀಟಿ ತುಂಬುವ ಹುಡುಗನ ಬಗ್ಗೆ ಒಂದು ಮಾತು. ದಿನಕ್ಕೆ ನೂರು ಚೀಟಿ ಬರೆಯುವವನು ಅವನು. ಅವನಿಗೆ ಬೆಳಕಿರುವ ಜಾಗ, ಬರೆಯಲು ಒಂದು ಮೇಜು, ಒಳ್ಳೆಯ ಪೆನ್ನು ಕೊಡಿ. ಅವನು ಬರೆದ ಚೀಟಿಯಿಂದ ಯಾವ ಲೆಕ್ಕ ಹುಟ್ಟುತ್ತದೆ ಎಂದು ಒಂದು ದಿನ ಕೂರಿಸಿಕೊಂಡು ತೋರಿಸಿ. ತನ್ನ ಅಂಕಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿದವನು ತಾನಾಗಿಯೇ ಎಚ್ಚರ ವಹಿಸುತ್ತಾನೆ.

ಮೂರನೆಯ ಹೆಜ್ಜೆ: ಹೆಸರಿಗೊಂದು ಸಂಖ್ಯೆ

ಕೊಡಗಿನಲ್ಲಿ ಹೆಸರುಗಳ ಕಷ್ಟ ಬೇರೆ ಜಿಲ್ಲೆಗಳಿಗಿಂತ ಹೆಚ್ಚು. ಕೊಡವರಲ್ಲಿ ಮನೆತನದ ಹೆಸರು ಮೊದಲು, ನಂತರ ತಂದೆಯ ಹೆಸರಿನ ಮೊದಲಕ್ಷರ, ಕೊನೆಗೆ ಸ್ವಂತ ಹೆಸರು. ತಾತನ ಹೆಸರು ಮೊಮ್ಮಗನಿಗೆ ಬರುತ್ತದೆ. ಹೀಗಾಗಿ ಒಂದೇ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಇಬ್ಬರು ಬೋಪಣ್ಣ, ಮೂವರು ಮಾಚಯ್ಯ ಇದ್ದರೆ ಆಶ್ಚರ್ಯವಿಲ್ಲ. ಬ್ಯಾಂಕ್ ಪುಸ್ತಕದಲ್ಲಿ ಮನೆತನದ ಹೆಸರು ಬರೀ ಒಂದು ಇನಿಷಿಯಲ್ ಆಗಿ ಕುಗ್ಗಿರುತ್ತದೆ, ಆಧಾರ್‌ನಲ್ಲಿ ಪೂರ್ತಿ ಇರುತ್ತದೆ, ಊರಿನಲ್ಲಿ ಎಲ್ಲರೂ ಕರೆಯುವುದು ಮುದ್ದು ಹೆಸರಿನಿಂದ. ಮದುವೆಯಾದ ಹೆಣ್ಣುಮಕ್ಕಳ ತೋಟ ತವರಿನ ಹೆಸರಿನಲ್ಲಿ, ಖಾತೆ ಗಂಡನ ಮನೆಯ ಹೆಸರಿನಲ್ಲಿ ಇರುವುದುಂಟು. ಇಂಗ್ಲಿಷ್ ಕಾಗುಣಿತವಂತೂ ಒಂದೊಂದು ಕಾಗದದಲ್ಲಿ ಒಂದೊಂದು ಬಗೆ. ಅರೆಭಾಷೆ ಗೌಡ ಕುಟುಂಬಗಳಲ್ಲೂ ಮನೆತನದ ಹೆಸರಿನ ರೂಢಿ ಇರುವುದರಿಂದ ಇದೇ ತೊಡಕು ಅಲ್ಲಿಯೂ ಇದೆ.

ಪರಿಹಾರ ಸರಳ. ಪ್ರತಿ ಬೆಳೆಗಾರರಿಗೆ, ಪ್ರತಿ ಗ್ರಾಹಕರಿಗೆ ಒಂದು ಶಾಶ್ವತ ಸಂಖ್ಯೆ ಕೊಡಿ. ಆ ಸಂಖ್ಯೆಯಲ್ಲಿ ಊರು, ವರ್ಷ, ತಾಲ್ಲೂಕು ಮುಂತಾದ ಯಾವ ಅರ್ಥವನ್ನೂ ತುರುಕಬೇಡಿ. ಹಿಂದೆ ಸೋಮವಾರಪೇಟೆ ತಾಲ್ಲೂಕು ಎಂದು ಗುರುತಿಸಿದ ಕುಶಾಲನಗರದವರು, ವಿರಾಜಪೇಟೆ ತಾಲ್ಲೂಕು ಎಂದು ಗುರುತಿಸಿದ ಪೊನ್ನಂಪೇಟೆಯವರು ಈಗ ತಮ್ಮದೇ ತಾಲ್ಲೂಕಿನವರು. ಅಂಥ ಗುರುತಿನ ಸಂಖ್ಯೆಗಳೆಲ್ಲ ಸುಳ್ಳಾದವು. 1001, 1002 ಎಂದು ಸಾಲಾಗಿ ಹೋಗಲಿ. ಒಬ್ಬರು ವ್ಯವಹಾರ ಬಿಟ್ಟರೆ ಅವರ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಸಂಖ್ಯೆಯ ಎದುರು ಐದು ಕಾಲಂ: ಮನೆತನದ ಹೆಸರು, ತಂದೆಯ ಹೆಸರು, ಸ್ವಂತ ಹೆಸರು, ಕರೆಯುವ ಹೆಸರು, ಬ್ಯಾಂಕಿನಲ್ಲಿರುವ ಹೆಸರು. ಕರೆಯುವ ಹೆಸರಿಗೆ ಜಾಗ ಕೊಡುವುದನ್ನು ಕೆಲವರು ಅಶಿಸ್ತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಫೋನ್ ಮಾಡಿದವರು ತಮ್ಮನ್ನು ಪರಿಚಯಿಸಿಕೊಳ್ಳುವುದು ಆ ಹೆಸರಿನಿಂದಲೇ. ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮ್ಮ ಸಿಬ್ಬಂದಿ ಹೊಸದೊಂದು ಖಾತೆ ತೆರೆದುಬಿಡುತ್ತಾರೆ. ಒಬ್ಬರಿಗೆ ಎರಡು ಖಾತೆ ಹುಟ್ಟುವುದು ಹೀಗೆ.

ಈ ಸಂಖ್ಯೆಯನ್ನು ಒಂದು ಚಿಕ್ಕ ಕಾರ್ಡಿನ ಮೇಲೆ ಬರೆದು ಬೆಳೆಗಾರರಿಗೇ ಕೊಡಿ. ಮುಂದಿನ ಹುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಅವರೇ ಬಂದು "1046" ಎನ್ನುತ್ತಾರೆ.

ನಾಲ್ಕನೆಯ ಹೆಜ್ಜೆ: ಅಳತೆಯ ಮಾತು ಒಂದೇ ಇರಲಿ

ಮಳೆಯನ್ನು ಇಲ್ಲಿನ ತೋಟಗಳಲ್ಲಿ ಇಂಚು ಮತ್ತು ಸೆಂಟ್‌ನಲ್ಲಿ ಬರೆಯುವುದು ಹಳೆಯ ರೂಢಿ. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆ ಕೊಡುವುದು ಮಿಲಿಮೀಟರ್, 25.4 ಮಿಲಿಮೀಟರಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟ್ ಬಿದ್ದದ್ದನ್ನು ರೈಟರ್ 120 ಎಂದು ಬರೆದರೆ, ಅದನ್ನು ಮಿಲಿಮೀಟರ್ ಎಂದು ಓದಿದವರ ಪಾಲಿಗೆ ಸುಮಾರು 30 ಮಿಲಿಮೀಟರಿನ ಮಳೆ ನಾಲ್ಕು ಪಟ್ಟಾಗುತ್ತದೆ. ಆ ಅಂಕಿ ನಂಬಿ ಸ್ಪ್ರಿಂಕ್ಲರ್ ನಿಲ್ಲಿಸಿದರೆ ಹೂವಿಗೇ ಹೊಡೆತ.

ಜಮೀನಿನದೂ ಹೀಗೆಯೇ. 2.20 ಎಂದು ಬರೆದರೆ ನಮ್ಮಲ್ಲಿ ಎರಡು ಎಕರೆ ಇಪ್ಪತ್ತು ಸೆಂಟ್. ಕುಶಾಲನಗರದಿಂದ ಹೊಳೆ ದಾಟಿ ಪಿರಿಯಾಪಟ್ಟಣದ ಕಡೆ ಹೋದರೆ ಅದೇ 2.20 ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎರಡೂ ಕಡೆ ಜಮೀನಿರುವವರ ಲೆಕ್ಕದಲ್ಲಿ ಇದು ಎಷ್ಟು ಸಲ ಎಡವಿಸಿದೆಯೋ!

ವರ್ಷವನ್ನೂ ಹೇಳಲೇಬೇಕು. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್, ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. 2025ರ ಫೆಬ್ರುವರಿಯಲ್ಲಿ ಕೊಯ್ದು ಮೇ ತಿಂಗಳಲ್ಲಿ ಮಾರಿದ ರೋಬಸ್ಟಾ 2024-25ರ ಬೆಳೆ, ಆದರೆ 2025-26ರ ಆದಾಯ. ಬರೀ "24-25" ಎಂದು ಬರೆದ ಕಾಲಂನಿಂದ ಇಳುವರಿಯನ್ನೂ ವರಮಾನವನ್ನೂ ಹೋಲಿಸಲು ಹೋದರೆ ಎರಡೂ ತಪ್ಪುತ್ತವೆ. "ಬೆಳೆ ವರ್ಷ" ಮತ್ತು "ಲೆಕ್ಕ ವರ್ಷ" ಎಂದು ಎರಡು ಕಾಲಂ ಮಾಡಿ.

ಇಂಥ ಒಪ್ಪಂದಗಳನ್ನೆಲ್ಲ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮೇಜಿನ ಎದುರಿನ ಗೋಡೆಗೆ ಅಂಟಿಸಿ. ರೈಟರ್ ಬದಲಾದಾಗ ಹೊಸಬರಿಗೆ ಮೊದಲು ಓದಿಸಬೇಕಾದದ್ದು ಅದು.

ಐದನೆಯ ಹೆಜ್ಜೆ: ಕಂಪ್ಯೂಟರಿಗೆ ಕಾವಲು

ಈಗ ಎಕ್ಸೆಲ್ ಹಾಳೆಗೆ ಬರೋಣ. ಅಂಕಿ ತುಂಬುವ ಮುನ್ನ ಮೂರು ಕಾವಲು ಹಾಕಿ.

ದಿನಾಂಕದ ಕಾಲಂ ಮೊದಲನೆಯದು. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 05/03/2025 ಎಂದದ್ದು ಮಾರ್ಚ್ 5ರ ಬದಲು ಮೇ 3 ಆಗುತ್ತದೆ. 13ನೇ ತಾರೀಖಿನಿಂದ ಮುಂದಿನವು ತಿಂಗಳಾಗಲಾರದ್ದರಿಂದ ಬರೀ ಅಕ್ಷರಗಳಾಗಿ ಉಳಿಯುತ್ತವೆ. ನಿಮ್ಮ ಹಳೆಯ ಹಾಳೆಯಲ್ಲಿ ಕೆಲವು ದಿನಾಂಕ ಎಡಕ್ಕೂ ಕೆಲವು ಬಲಕ್ಕೂ ಅಂಟಿಕೊಂಡಿದ್ದರೆ ಈ ರೋಗ ಇದೆ ಎಂದೇ ತಿಳಿಯಿರಿ. ಮೂಲ ಚೀಟಿ ನೋಡದೆ ಅದನ್ನು ತಿದ್ದಬೇಡಿ.

ಬ್ಯಾಂಕ್ ಖಾತೆ ಸಂಖ್ಯೆ ಎರಡನೆಯದು. ಎಕ್ಸೆಲ್ ಅದನ್ನು ಲೆಕ್ಕದ ಅಂಕಿ ಎಂದು ಭಾವಿಸಿ ಮೊದಲಿನ ಸೊನ್ನೆಗಳನ್ನು ನುಂಗುತ್ತದೆ, 15 ಅಂಕಿಗಳಾಚೆ ಇರುವುದನ್ನೆಲ್ಲ ಸೊನ್ನೆ ಮಾಡುತ್ತದೆ. 08272 ಎಂದು ಶುರುವಾಗುವ ಮಡಿಕೇರಿಯ ಸ್ಥಿರ ದೂರವಾಣಿಗೂ ಇದೇ ಗತಿ. ಇಂಥ ಕಾಲಂಗಳನ್ನು ಮೊದಲೇ "ಟೆಕ್ಸ್ಟ್" ಎಂದು ಬದಲಿಸಿ, ಆಮೇಲೆ ತುಂಬಿ.

ಮೂರನೆಯದು "ಡೇಟಾ ವ್ಯಾಲಿಡೇಷನ್". ಕಾಫಿಯ ಬಗೆ, ಊರು, ತಾಲ್ಲೂಕು ಇವನ್ನು ಪಟ್ಟಿಯಿಂದ ಆರಿಸುವಂತೆ ಮಾಡಿ. ಇಲ್ಲದಿದ್ದರೆ ಗೋಣಿಕೊಪ್ಪ, ಗೋಣಿಕೊಪ್ಪಲು, ಗೋಣಿಕೊಪ್ಪಲ್ ಮೂರು ಊರುಗಳಾಗುತ್ತವೆ. ವಿರಾಜಪೇಟೆ, ವೀರಾಜಪೇಟೆ ಎರಡಾಗುತ್ತವೆ. ಜಿಎಸ್‌ಟಿ ಸಂಖ್ಯೆಗೆ ಸರಿಯಾಗಿ 15 ಅಕ್ಷರ ಇರಬೇಕೆಂದು ನಿಯಮ ಹಾಕಿ. ಅದರ ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಕೇರಳಕ್ಕೆ 32. ನಂತರದ ಹತ್ತು ಅಕ್ಷರ ವ್ಯಾಪಾರಿಯ ಪ್ಯಾನ್. ಇರಿಟ್ಟಿ ಅಥವಾ ಮಾನಂದವಾಡಿಯ ವ್ಯಾಪಾರಿಯ ಬಿಲ್ಲಿನಲ್ಲಿ 29 ಕಂಡರೆ ಒಮ್ಮೆ ಕೇಳಿ ನೋಡಿ. ಅವರಿಗೆ ಕರ್ನಾಟಕದಲ್ಲಿ ನೋಂದಣಿ ಇರಬಹುದು, ಅಥವಾ ಬರೆದವರ ಕೈ ತಪ್ಪಿರಬಹುದು.

ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್‌ಗಳನ್ನು ಹೊಸದಾಗಿ ಪರಿಶೀಲಿಸಿ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಬರೆದಾಗ ನೂರಕ್ಕೆ ನೂರು ಸರಿಯಿದ್ದ ಕೋಡ್‌ಗಳು ಆಮೇಲೆ ಬದಲಾದವು. ಮಾಹಿತಿ ಇಟ್ಟಲ್ಲೇ ಹಳಸುತ್ತದೆ. ಹಾಗಾಗಿ ಫೋನ್, ಖಾತೆ, ವಿಳಾಸಗಳ ಪಕ್ಕದಲ್ಲಿ "ಕೊನೆಯದಾಗಿ ಖಚಿತಪಡಿಸಿದ ದಿನ" ಎಂಬ ಕಾಲಂ ಇಡಿ.

ಮಸಾಲೆ, ಜೇನು, ಕಾಫಿ ಪುಡಿಯನ್ನು ಪಾರ್ಸೆಲ್ ಮಾಡುವವರು ಪಿನ್ ಕೋಡ್ ಇಲ್ಲದ ವಿಳಾಸ ಒಪ್ಪಿಕೊಳ್ಳಬೇಡಿ. ಸಿದ್ದಾಪುರ ನಮ್ಮಲ್ಲೂ ಇದೆ, ಉತ್ತರ ಕನ್ನಡದಲ್ಲೂ ಉಡುಪಿ ಜಿಲ್ಲೆಯಲ್ಲೂ ಇದೆ. ನಮ್ಮದು 571ರಿಂದ, ಉತ್ತರ ಕನ್ನಡದ್ದು 581ರಿಂದ, ಉಡುಪಿಯದು 576ರಿಂದ ಶುರುವಾಗುತ್ತದೆ.

ತೋಟದ ಗುರುತು: ಈಗಲೇ ಮಾಡಿಕೊಳ್ಳಬೇಕಾದ ಕೆಲಸ

ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ ಕಾಫಿಗೂ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋರಿಸಲು ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಬೇಕು, ದಶಮಾಂಶದ ನಂತರ ಆರು ಅಂಕಿಗಳವರೆಗೆ. ನಾಲ್ಕು ಹೆಕ್ಟೇರ್‌ಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತೋಟಕ್ಕೆ ಒಂದು ಬಿಂದು ಸಾಲದು, ಗಡಿಯ ಸುತ್ತಿನ ಗುರುತು ಬೇಕು. ಜಾರಿಯ ದಿನವನ್ನು ಮುಂದೂಡಿದ್ದಾರೆಂದು ಸುಮ್ಮನೆ ಕೂರುವುದು ಸರಿಯಲ್ಲ; ಸಾವಿರಾರು ಸಣ್ಣ ಬೆಳೆಗಾರರ ಕಾಫಿ ಒಂದೇ ಗೋದಾಮಿನಲ್ಲಿ ಸೇರುವ ನಮ್ಮಲ್ಲಿ ಈ ಕೆಲಸ ಒಂದು ವಾರದ್ದಲ್ಲ.

ಒಬ್ಬರು ಕಳಿಸಿದ ಪಟ್ಟಿಯನ್ನು ನಕ್ಷೆಯ ಮೇಲೆ ಹಾಕಿ ನೋಡಿದಾಗ ನಾಪೋಕ್ಲು ಬಳಿಯ ಒಂದು ತೋಟ ನಾರ್ವೆಯಿಂದಾಚೆ, ಉತ್ತರ ಧ್ರುವದ ಕಡೆಯ ಸಮುದ್ರದ ನಡುವೆ ಕಾಣಿಸಿತು. 12 ಇರಬೇಕಾದಲ್ಲಿ 75, 75 ಇರಬೇಕಾದಲ್ಲಿ 12 ಬಿದ್ದಿತ್ತು, ಅಷ್ಟೇ. ಕಾವಲು ನಿಯಮ ಸುಲಭ: ಕೊಡಗಿನ ಯಾವ ತೋಟದ ಅಕ್ಷಾಂಶವಾದರೂ 11 ಅಥವಾ 12ರಿಂದ, ರೇಖಾಂಶ 75 ಅಥವಾ 76ರಿಂದ ಶುರುವಾಗಬೇಕು. ಬಿಂದುವನ್ನು ತೋಟದೊಳಗೆ ನಿಂತೇ ತೆಗೆಯಿರಿ. ದಟ್ಟ ಮರಗಳ ಅಡಿಯಲ್ಲಿ ಮೊಬೈಲ್ ತಡವರಿಸುತ್ತದೆ. ಕಣದಂಥ ಬಯಲಿನಲ್ಲಿ ಎರಡು ನಿಮಿಷ ನಿಂತು ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಿ.

ಹೋಂಸ್ಟೇ ನಡೆಸುವವರಿಗೆ

ಅತಿಥಿಯ ಹೆಸರನ್ನು ಗುರುತಿನ ಚೀಟಿ ನೋಡಿ ಬರೆಯಿರಿ, ಬಾಯಿಮಾತು ಕೇಳಿ ಅಲ್ಲ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕಾದ್ದರಿಂದ ಪಾಸ್‌ಪೋರ್ಟ್ ಸಂಖ್ಯೆಯ ಒಂದು ಅಕ್ಷರ ತಪ್ಪಿದರೂ ತೊಂದರೆ. ಹಾಗೆಂದು ಎಲ್ಲರ ಆಧಾರ್ ಪ್ರತಿಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ರಾಶಿ ಹಾಕಿಕೊಳ್ಳಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇನ್ನೊಬ್ಬರ ಮಾಹಿತಿ ಇಟ್ಟುಕೊಳ್ಳುವುದು ಹೊಣೆಗಾರಿಕೆಯ ಮಾತು.

ಆರನೆಯ ಹೆಜ್ಜೆ: ಹಳೆಯದನ್ನು ಕಕ್ಕಡದಲ್ಲಿ ತೊಳೆಯಿರಿ

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಮಳೆ ಬಿಡುವುದಿಲ್ಲ, ಅಂಗಡಿಗೆ ಜನ ಕಡಿಮೆ. ಹಳೆಯ ಕಡತ ಹಿಡಿಯಲು ಅದೇ ತಿಂಗಳು. ವಿದ್ಯುತ್ ಕೈಕೊಡುತ್ತದೆ, ಆದ್ದರಿಂದ ಪಟ್ಟಿಯನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಿ.

ಮೂಲ ಕಡತವನ್ನು ಮುಟ್ಟಬೇಡಿ, ಪ್ರತಿ ಮಾಡಿ ಅದರ ಮೇಲೆ ಕೆಲಸ ಮಾಡಿ. ಮೊಬೈಲ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಒಬ್ಬರ ಎರಡು ಖಾತೆಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಆದರೆ ಒಂದೇ ಮೊಬೈಲ್ ಅಪ್ಪ, ಮಗ ಇಬ್ಬರ ಹೆಸರಿನಲ್ಲೂ ಇರಬಹುದು; ಕಂಪ್ಯೂಟರ್ ಹೇಳಿತೆಂದು ಒಂದುಗೂಡಿಸದೆ ಫೋನ್ ಮಾಡಿ ಕೇಳಿ. ಏನನ್ನು ಬದಲಿಸಿದಿರಿ, ಮೊದಲು ಏನಿತ್ತು, ಯಾರು ಹೇಳಿದ್ದರಿಂದ, ಯಾವ ದಿನ ಎಂದು ತಿದ್ದುಪಡಿಗೊಂದು ಪುಸ್ತಕ ಇಡಿ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ಅಂದಾಜಿನಿಂದ ತುಂಬಿದ ಜಾಗ ಖಾಲಿ ಜಾಗಕ್ಕಿಂತ ಅಪಾಯ, ಏಕೆಂದರೆ ಅದು ತಪ್ಪೆಂದು ಮುಂದೆ ಯಾರಿಗೂ ತಿಳಿಯುವುದಿಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಗಳೊಂದಿಗೆ ಜಮೀನಿನ ಕಾಗದ, ಲೆಕ್ಕದ ಪುಸ್ತಕಗಳನ್ನೂ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ ಅಥವಾ ಅಂತರ್ಜಾಲದ ಸಂಗ್ರಹದಲ್ಲಿ. ಆರು ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ನೋಡಿ, ತೆರೆಯುತ್ತದೆಯೇ ಎಂದು.

ಏಳನೆಯ ಹೆಜ್ಜೆ: ತಿಂಗಳಿಗೆ ಹತ್ತು ಚೀಟಿ

ಪ್ರತಿ ತಿಂಗಳ ಮೊದಲ ಸೋಮವಾರ ಚೀಟಿ ಪುಸ್ತಕದಿಂದ ಕಣ್ಣುಮುಚ್ಚಿ ಹತ್ತು ಚೀಟಿ ತೆಗೆಯಿರಿ. ಕಂಪ್ಯೂಟರಿನ ಸಾಲಿನೊಂದಿಗೆ ಒಂದೊಂದನ್ನೂ ಹೋಲಿಸಿ. ಸಂಖ್ಯೆ, ಬಗೆ, ನಿವ್ವಳ ತೂಕ, ಒಟಿ, ಹಣ: ಒಂದು ಚೀಟಿಗೆ ಐದು, ಹತ್ತಕ್ಕೆ ಐವತ್ತು ಅಂಕಿ. ಎಷ್ಟು ತಪ್ಪಿವೆ ಎಂದು ಗೋಡೆಯ ಹಾಳೆಯಲ್ಲಿ ಬರೆಯಿರಿ. ಮೊದಲ ತಿಂಗಳು ಏಳೆಂಟು ತಪ್ಪು ಸಿಕ್ಕರೆ ಹೆದರಬೇಡಿ, ಯಾರನ್ನೂ ಬೈಯಬೇಡಿ. ಬೈದರೆ ಮುಂದಿನ ತಿಂಗಳು ತಪ್ಪನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ. ಏಳರಲ್ಲಿ ಐದು ಒಂದೇ ಕಾಲಂನಲ್ಲಿದ್ದರೆ ಆ ಚೌಕ ಚಿಕ್ಕದಾಗಿದೆ, ಅಥವಾ ಅದರ ಹೆಸರು ಅರ್ಥವಾಗುತ್ತಿಲ್ಲ. ಮುಂದಿನ ಪುಸ್ತಕ ಅಚ್ಚು ಹಾಕಿಸುವಾಗ ಅದನ್ನು ಬದಲಿಸಿ.

ಈ ಕೆಲಸಕ್ಕೆ ಒಬ್ಬರ ಹೆಸರು ನಿಗದಿಯಾಗಿರಲಿ, ಚೀಟಿ ಬರೆಯುವವರಾಗಲಿ ಲೆಕ್ಕ ತುಂಬುವವರಾಗಲಿ ಅಲ್ಲದ ಮೂರನೆಯವರು. ನಮ್ಮ ಅಂಗಡಿಯಲ್ಲಿ ಹತ್ತು ಚೀಟಿ ಆರಿಸುವುದು ತೂಕದ ಯಂತ್ರ ಒರೆಸಿ, ಗೋಣಿ ಜೋಡಿಸುವ ಹೆಂಗಸು. ಚೀಟಿಯ ಅಂಕಿಯನ್ನು ಅವರು ಗಟ್ಟಿಯಾಗಿ ಓದುತ್ತಾರೆ, ನಾನು ಪರದೆ ನೋಡುತ್ತೇನೆ. ಕಳೆದ ತಿಂಗಳು ಐವತ್ತರಲ್ಲಿ ಒಂದು ತಪ್ಪು ಸಿಕ್ಕಿತು. 1064ರ ಜಾಗದಲ್ಲಿ 1046 ಬಿದ್ದಿತ್ತು. ಹಣ ಇನ್ನೂ ಹೋಗಿರಲಿಲ್ಲ.